ನಾಲ್ಕು ಓಮ್ ಮತ್ತು ಯಜಮಾನರ ಒಪ್ಪಿಗೆ

ಬಸವೇಶ್ವರನಗರದ ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಓಮ್‌ನ, ಅಂದರೆ ವಿದ್ಯುತ್ತಿನ ತಡೆಯನ್ನು ಅಳೆಯುವ ಮಾನದ ಲೆಕ್ಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ತಾರಸಿಯ ಮೇಲೆ ಒಂದೇ ಟ್ಯಾಂಕು. ಅದರಿಂದ ಮಹಡಿ ಮನೆಗೆ ಒಂದು ಕೊಳವೆ, ಕೆಳಗಿನ ಮನೆಗೆ ಒಂದು, ಹಿಂಭಾಗದ ಒಂಟಿ ಕೋಣೆಗೆ ಮತ್ತೊಂದು. ಬೆಳಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ನೀರಿಗೆ ದಾರಿಗಳು ಹೆಚ್ಚುತ್ತವೆ, ತಡೆ ಕಡಿಮೆಯಾಗುತ್ತದೆ, ಟ್ಯಾಂಕು ಬೇಗ ಬರಿದಾಗುತ್ತದೆ. ನಮ್ಮ ವೃತ್ತಿಯಲ್ಲಿ ಇದನ್ನು ಪ್ಯಾರಲಲ್ ಜೋಡಣೆ ಎನ್ನುತ್ತೇವೆ. ಅದರ ಬದಲು ಒಂದೇ ಕೊಳವೆ ಮೂರೂ ಮನೆಗಳನ್ನು ಸುತ್ತಿ ಬರುವಂತಿದ್ದರೆ ಪ್ರತಿ ತಿರುವೂ ನೀರನ್ನು ತಡೆಯುತ್ತದೆ. ಕೊನೆಗೆ ಬೀಳುವ ಧಾರೆ ಸಣ್ಣದು, ಆದರೆ ಟ್ಯಾಂಕಿಗೆ ಆಯಾಸವಿಲ್ಲ. ಇದು ಸೀರೀಸ್ ಜೋಡಣೆ. ಉಳಿದದ್ದೆಲ್ಲ ಇವೆರಡರ ಬೆರಕೆ.

ಕಾರಿನ ಸಂಗೀತದಲ್ಲಿ ಟ್ಯಾಂಕಿನ ಸ್ಥಾನದಲ್ಲಿ ಸದ್ದಿಗೆ ಬಲ ತುಂಬುವ ಆಂಪ್ಲಿಫೈಯರ್ ಇರುತ್ತದೆ, ಮನೆಗಳ ಸ್ಥಾನದಲ್ಲಿ ಸಬ್‌ವೂಫರ್‌ಗಳು, ಅಂದರೆ ತಗ್ಗು ಸ್ವರಗಳನ್ನು ಮಾತ್ರ ನುಡಿಸುವ ದೊಡ್ಡ ಸ್ಪೀಕರ್‌ಗಳು. ವ್ಯತ್ಯಾಸ ಒಂದೇ. ಟ್ಯಾಂಕು ಬರಿದಾಗುತ್ತದೆ, ಆಂಪ್ಲಿಫೈಯರ್ ಕಾದು ಕೆಂಡವಾಗುತ್ತದೆ. ‘ನಾಲ್ಕು ಓಮ್‌ಗಿಂತ ಕಡಿಮೆ ತಡೆ ನನಗೆ ಸಲ್ಲದು’ ಎಂದು ಅದರ ಮೈಮೇಲೆ ಬರೆದಿದ್ದರೆ ಆ ಮಾತನ್ನು ಮೀರಬಾರದು. ಕಾರಿನ ಡಿಕ್ಕಿಯಲ್ಲಿ ಮಂಡಿಯೂರಿ ಕುಳಿತು ಈ ಒಂದು ಮಾತನ್ನು ಮೀರದೆ ನೋಡಿಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ಈಗ ನಿವೃತ್ತನಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ನಾಲ್ಕು ಮಾತು ಬರೆದಿಟ್ಟರೆ ಉಪಯೋಗವಾದೀತೆಂದು ಭಾವಿಸಿದ್ದೇನೆ. ಲೆಕ್ಕವನ್ನು ಅವರು ಮೊಬೈಲಿನಲ್ಲಿಯೇ ನೋಡಿಕೊಳ್ಳಬಲ್ಲರು. ಆದ್ದರಿಂದ ನಾನು ಲೆಕ್ಕಕ್ಕಿಂತ ಮನುಷ್ಯರ ಬಗ್ಗೆ ಹೆಚ್ಚು ಬರೆದರೆ ಕ್ಷಮಿಸಬೇಕು.

ನಾನು ಬಿ.ಎಸ್ಸಿ. ಪದವೀಧರ. ನಮ್ಮ ಮನೆತನದಲ್ಲಿ ಅದು ಮೊದಲ ಪದವಿ. ತಂದೆಯವರು ಹೊಂಗೆ ಮರವೊಂದರ ಕೆಳಗೆ ಇಸ್ತ್ರಿ ಗಾಡಿ ನಿಲ್ಲಿಸಿಕೊಂಡು ನಮ್ಮನ್ನು ಓದಿಸಿದರು. ಪದವಿಗೆ ತಕ್ಕ ಕೆಲಸ ದೊರೆಯುವವರೆಗೆ ಇರಲಿ ಎಂದುಕೊಂಡು ರಾಜಾಜಿನಗರದ ಕಾರ್ ಆಡಿಯೋ ಅಂಗಡಿಯೊಂದನ್ನು ಸೇರಿದೆ. ಪದವಿಗೆ ತಕ್ಕ ಕೆಲಸ ಅದೇ ಎಂದು ತಿಳಿಯಲು ನನಗೆ ಸಾಕಷ್ಟು ವರ್ಷಗಳು ಹಿಡಿದವು.

ಅಂಗಡಿಯ ಯಜಮಾನರು ಚನ್ನಬಸಪ್ಪನವರು. ಚಿತ್ರದುರ್ಗದ ಕಡೆಯವರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ. ಮೊದಲ ದಿನ ಅವರು ನನ್ನ ಅಂಕಪಟ್ಟಿಯನ್ನು ನೋಡದೆಯೇ ಹಿಂತಿರುಗಿಸಿದರು.

“ಬಿ.ಎಸ್ಸಿ. ಅಂದಮೇಲೆ ಓಮ್ ಗೊತ್ತಿರ್ತದೆ ಬಿಡು. ಕಾರು ಗೊತ್ತೇನಪ್ಪಾ?”

“ಇಲ್ಲ ಸಾರ್. ಕಾರಿನಲ್ಲಿ ಕೂತಿದ್ದೇ ಕಡಿಮೆ.”

“ಒಳ್ಳೇದೇ ಆಯ್ತು. ಕಾರಿನ ಆಸೆ ಇರೋನು ಮುಂದಿನ ಸೀಟಲ್ಲೇ ಕೂತಿರ್ತಾನೆ. ನೀನು ಡಿಕ್ಕೀಲಿ ಕೂತ್ಕೋ.”

ಅಂದಿನಿಂದ ಗಿರಾಕಿಗಳಿಗೆ ಅವರು ನನ್ನನ್ನು ‘ನಮ್ಮ ಬಿ.ಎಸ್ಸಿ.’ ಎಂದೇ ಪರಿಚಯಿಸುತ್ತಿದ್ದರು. ನನ್ನ ಹೆಸರು ಬಹಳ ಮಂದಿಗೆ ತಿಳಿಯಲೇ ಇಲ್ಲ.

ಅಂಗಡಿಯಲ್ಲಿ ನನಗಿಂತ ಮೊದಲೇ ಇದ್ದವರು ಇಲಿಯಾಸ್. ವೂಫರ್‌ಗಳನ್ನು ಕೂರಿಸುವ ಮರದ ಪೆಟ್ಟಿಗೆಗಳನ್ನು ತಯಾರಿಸುವುದು ಅವರ ಕೆಲಸ, ನನ್ನನ್ನು ಛೇಡಿಸುವುದು ಅವರ ಹವ್ಯಾಸ. ನಾಲ್ಕು ಓಮ್ ಎಂದು ಬರೆದ ವೂಫರಿಗೆ ಮಲ್ಟಿಮೀಟರ್ ಹಿಡಿದರೆ ಮೂರೂವರೆಯ ಆಸುಪಾಸು ತೋರಿಸುತ್ತದೆ. ಇದು ದೋಷವಲ್ಲ. ಮೀಟರ್ ಅಳೆಯುವುದು ತಂತಿಯ ತಡೆಯನ್ನು ಮಾತ್ರ. ಸಂಗೀತ ಹರಿಯುವಾಗಿನ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತಿರುತ್ತದೆ, ನಾಲ್ಕು ಎಂಬುದು ಅದಕ್ಕೆ ಇಟ್ಟ ಹೆಸರು ಅಷ್ಟೆ. ಇದನ್ನು ನಾನು ಒಮ್ಮೆ ಇಲಿಯಾಸರಿಗೆ ವಿವರವಾಗಿ ತಿಳಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ ಸಾರ್, ಆ ಅರ್ಧ ಓಮ್ ಯಾರು ತಿಂದ್ರು ಹೇಳಿ!” ಎಂದರು. ನಂತರ ಯಾವ ಮೀಟರ್ ಹಿಡಿದರೂ ಆ ಅರ್ಧ ಓಮ್ ನನ್ನ ತಲೆಯ ಮೇಲೆಯೇ ಬರುತ್ತಿತ್ತು.

ಹೊಸಹಳ್ಳಿಯ ಒಬ್ಬ ನಿವೃತ್ತ ಅಧಿಕಾರಿಗಳ ಪ್ರಸಂಗವನ್ನು ಹೇಳಲೇಬೇಕು. ಅವರ ಕಾರಿನಲ್ಲಿ ನಾವೇ ಕೂರಿಸಿದ ಒಂದು ವೂಫರ್ ಇತ್ತು. ಅಳಿಯಂದಿರು ಹುಟ್ಟುಹಬ್ಬಕ್ಕೆ ಅಂಥದ್ದೇ ಇನ್ನೊಂದನ್ನು ಕೊಟ್ಟರಂತೆ. ಇವರು ಮನೆಯಲ್ಲಿಯೇ ಎರಡರ ತಂತಿಗಳನ್ನೂ ಸೇರಿಸಿ ಹೊಸೆದು ಮೇಲೆ ಟೇಪು ಸುತ್ತಿದ್ದರು. ನಾಲ್ಕು ಓಮಿನ ಎರಡನ್ನು ಹಾಗೆ ಪ್ಯಾರಲಲ್ ಆಗಿ ಸೇರಿಸಿದರೆ ಆಂಪ್ಲಿಫೈಯರಿಗೆ ಕಾಣುವುದು ಎರಡೇ ಓಮ್. ಅದು ತನ್ನನ್ನು ಕಾಪಾಡಿಕೊಳ್ಳಲು ಕೆಂಪು ದೀಪ ಹಚ್ಚಿಕೊಂಡು ಸುಮ್ಮನಾಗುತ್ತಿತ್ತು.

“ಹಾಡಿನ ಮಧ್ಯೆ ಮಧ್ಯೆ ಮೌನವ್ರತ ಮಾಡುತ್ತಲ್ರೀ ಇದು!” ಎಂದು ಅವರು ದೂರಿದರು.

ನಾನು ಎರಡನ್ನೂ ಸೀರೀಸ್‌ನಲ್ಲಿ ಜೋಡಿಸಿದೆ. ಎಂಟು ಓಮ್. ಆಂಪ್ಲಿಫೈಯರ್ ತಣ್ಣಗಿತ್ತು, ಆದರೆ ಅದರಿಂದ ಹರಿಯುವ ಶಕ್ತಿಯೂ ಕಡಿಮೆಯಾಯಿತು.

“ಎರಡು ಹಾಕಿದ್ರೆ ಎರಡರಷ್ಟು ಸದ್ದು ಬರಬೇಕಲ್ವೇನ್ರೀ?”

ಅದು ಏಕೆ ಬರುವುದಿಲ್ಲವೆಂದು ನಾನು ವಿವರಿಸಲು ಆರಂಭಿಸುವಷ್ಟರಲ್ಲಿ ಹಿಂದಿನ ಸೀಟಿನಲ್ಲಿದ್ದ ಅವರ ಶ್ರೀಮತಿಯವರು, “ಈಗ ಇರೋದೇ ಚೆನ್ನಾಗಿದೆ, ಅದನ್ನ ಮುಟ್ಟಬೇಡಿ ಕಣ್ರೀ ನೀವು” ಎಂದರು. ಆ ಕಾರು ಅನೇಕ ವರ್ಷ ಎಂಟು ಓಮ್‌ನಲ್ಲಿಯೇ ಸುಖವಾಗಿ ಓಡಾಡಿತು. ಗಿರಾಕಿ ಯಾರು, ಕಾರಿನಲ್ಲಿ ಕುಳಿತುಕೊಳ್ಳುವವರು ಯಾರು ಎಂಬ ಎರಡು ಪ್ರಶ್ನೆಗಳನ್ನೂ ಕೇಳಿಕೊಂಡ ಮೇಲೆಯೇ ತಂತಿ ಕತ್ತರಿಸಬೇಕೆಂದು ನಾನು ಕಲಿತದ್ದು ಆ ದಿನ.

ಮತ್ತೊಮ್ಮೆ ಕೆಂಗೇರಿ ಉಪನಗರದ ಒಬ್ಬ ಯುವಕ ಬಂದು ಮೂರು ವೂಫರ್ ಬೇಕೆಂದು ಹಟ ಹಿಡಿದ. ಎರಡು ಸುಲಭ, ನಾಲ್ಕು ಇನ್ನೂ ಸುಲಭ, ಮೂರು ಮಾತ್ರ ನಮ್ಮ ವೃತ್ತಿಯಲ್ಲಿ ಒರಟು ಸಂಖ್ಯೆ. ನಾಲ್ಕು ಓಮಿನ ಮೂರನ್ನು ಪ್ಯಾರಲಲ್ ಮಾಡಿದರೆ ಒಂದೂಕಾಲಿಗಿಂತ ತುಸು ಹೆಚ್ಚು, ಸೀರೀಸ್ ಮಾಡಿದರೆ ಹನ್ನೆರಡು. ಒಂದು ವಿಪರೀತ ಕಡಿಮೆ, ಇನ್ನೊಂದು ವಿಪರೀತ ಹೆಚ್ಚು. ಎರಡನ್ನು ಸೀರೀಸ್ ಮಾಡಿ ಮೂರನೆಯದನ್ನು ಪಕ್ಕಕ್ಕೆ ಸೇರಿಸಿದರೆ ಮೂರನೆಯದೇ ಬಹುಪಾಲು ಹೊರೆ ಹೊತ್ತು ಸುಟ್ಟುಹೋಗುತ್ತದೆ.

“ಎರಡು ಹಾಕಿಸ್ಕೊಳ್ಳಪ್ಪ” ಎಂದೆ.

“ಇಲ್ಲಣ್ಣ, ಮೂರೇ ಬೇಕು. ಡಿಕ್ಕಿ ತೆಗೆದ್ರೆ ಮೂರು ಸಾಲಾಗಿ ಕಾಣಬೇಕು, ವಿಭೂತಿ ಪಟ್ಟೆ ಥರ.”

ಗಲ್ಲಾಪೆಟ್ಟಿಗೆಯ ಬಳಿ ಕುಳಿತಿದ್ದ ಯಜಮಾನರು ತಲೆಯೆತ್ತಿದರು. ತಮ್ಮ ಹಣೆಯನ್ನು ಒಮ್ಮೆ ಮುಟ್ಟಿಕೊಂಡರು. “ನೋಡಪ್ಪಾ ಬಿ.ಎಸ್ಸಿ., ಇದನ್ನ ಇಟ್ಕೊಂಡು ನಾನು ಹೆಂಗೆ ಬ್ಯಾಡ ಅನ್ನಲಿ? ಏನಾದ್ರೂ ಮಾಡು.”

ದಾರಿ ಇತ್ತು. ಕೆಲವು ವೂಫರ್‌ಗಳಲ್ಲಿ ತಂತಿ ಸುತ್ತಿದ ಕಾಯಿಲ್ ಒಂದರ ಬದಲು ಎರಡಿರುತ್ತವೆ, ತಲಾ ನಾಲ್ಕು ಓಮ್. ಪ್ರತಿ ವೂಫರಿನ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡಿದೆ, ಒಂದೊಂದೂ ಎಂಟಾಯಿತು. ಆ ಮೂರು ಎಂಟುಗಳನ್ನು ಪ್ಯಾರಲಲ್ ಮಾಡಿದೆ, ಎರಡೂಮುಕ್ಕಾಲಿಗಿಂತ ತುಸು ಕಡಿಮೆ. ಎರಡು ಓಮ್‌ವರೆಗೆ ತಡೆಯಬಲ್ಲ ಆಂಪ್ಲಿಫೈಯರ್ ಕೊಟ್ಟೆವು. ಮೂರೂ ಸಮನಾಗಿ ಹೊರೆ ಹೊತ್ತವು. ಅದು ನನ್ನ ಕೈಯಿಂದಾದ ಅಚ್ಚುಕಟ್ಟಾದ ಜೋಡಣೆಗಳಲ್ಲೊಂದು ಎಂದು ಹೇಳಿಕೊಂಡರೆ ತಪ್ಪಾಗಲಾರದು.

ಈಗ ನಮ್ಮ ಅಂಗಡಿಯ ಪದ್ಧತಿಯೊಂದನ್ನು ಹೇಳಬೇಕು. ಯಾವ ಕಾರಾದರೂ ಯಜಮಾನರ ಒಪ್ಪಿಗೆಯಿಲ್ಲದೆ ಹೊರಗೆ ಹೋಗುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅವರು ಚಪ್ಪಲಿ ಕಳಚಿ ಚಾಲಕನ ಸೀಟಿನಲ್ಲಿ ಕುಳಿತು ಗಾಜುಗಳನ್ನು ಏರಿಸುತ್ತಿದ್ದರು. ತಮ್ಮ ಊರಿನ ತಂಡದವರು ಬಾರಿಸಿದ ಡೊಳ್ಳಿನ ಧ್ವನಿಮುದ್ರಣವನ್ನು ಹಾಕುತ್ತಿದ್ದರು. ಮೊದಲು ಅದು ಕ್ಯಾಸೆಟ್ಟಿನಲ್ಲಿತ್ತು, ನಂತರ ಸಿ.ಡಿ.ಯಲ್ಲಿ, ಕೊನೆಗೆ ಪೆನ್‌ಡ್ರೈವಿನಲ್ಲಿ. ಕೆಲಸ ಮಾಡಿದವರು ಬಾನೆಟ್ಟಿನ ಮುಂದೆ ನಿಲ್ಲಬೇಕು. ಅವರು ದೃಷ್ಟಿಯನ್ನು ಮುಂದಕ್ಕೆ ನೆಟ್ಟು ಕೇಳುತ್ತಾ ಕೇಳುತ್ತಾ ನಿಧಾನವಾಗಿ ತಲೆಯಾಡಿಸಿದರೆ ಕಾರು ಪಾಸು. ಇಲ್ಲದಿದ್ದರೆ ಒಂದು ಬೆರಳೆತ್ತುತ್ತಿದ್ದರು. ಆ ಬೆರಳು ತಪ್ಪಿದ್ದನ್ನು ನಾನು ಕಾಣೆ. ದೂರದ ಬಡಾವಣೆಗಳಿಂದ ಜನ ನಮ್ಮಲ್ಲಿಗೆ ಬರುತ್ತಿದ್ದುದು ಆ ತಲೆಯಾಟಕ್ಕಾಗಿಯೇ.

ವರ್ಷಗಳು ಕಳೆದಂತೆ ಕೆಲಸದ ಕ್ರಮ ಬದಲಾಯಿತು. ತಂತಿಯನ್ನು ಹೊಸೆದು ಟೇಪು ಸುತ್ತುವ ಬದಲು ಬೆಸುಗೆ ಹಾಕುವುದು ಬಂತು, ಬೆಸುಗೆಯ ಬದಲು ಒತ್ತಿ ಕೂರಿಸುವ ತುದಿಗಳು ಬಂದವು. ಮೊದಲೆಲ್ಲ ಪ್ರತಿ ವೂಫರಿನ ತಂತಿಗೂ ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿ, ಮುಂದಿನ ಕಾಗದದ ಬಟ್ಟಲು ಹೊರಕ್ಕೆ ಜಿಗಿಯಿತೇ ಒಳಕ್ಕೆ ಹೋಯಿತೇ ಎಂದು ನೋಡುತ್ತಿದ್ದೆವು. ಹೊರಕ್ಕೆ ಜಿಗಿದರೆ ತಂತಿಗಳು ಅದಲುಬದಲಾಗಿಲ್ಲವೆಂದು ಅರ್ಥ. ವೂಫರ್‌ಗಳ ಮೇಲೆ ಕೆಂಪು, ಕಪ್ಪು ಗುರುತುಗಳು ಸ್ಪಷ್ಟವಾಗಿ ಬರತೊಡಗಿದ ಮೇಲೆ ಆ ಬ್ಯಾಟರಿ ಮೂಲೆ ಸೇರಿತು.

ಇದೇ ಕಾಲಕ್ಕೆ ಯಜಮಾನರ ಕಿವಿ ಮಂದವಾಗತೊಡಗಿತು. ಒಮ್ಮೆ ಹಿಂದಕ್ಕೆ ಬರುವ ಕಾರು ಕುಂಯ್ ಕುಂಯ್ ಎನ್ನುತ್ತಿದ್ದರೂ ಅವರು ಅದರ ಹಿಂದೆಯೇ ನಿಂತಿದ್ದರು. ಇಲಿಯಾಸ್ ತೋಳು ಹಿಡಿದು ಎಳೆದುಕೊಂಡರು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದ್ದರೆ ನಾವು ಹೇಳಬೇಕಾಗಿತ್ತು. ಅಷ್ಟಾದರೂ ಕಾರಿನ ಸೀಟಿನಲ್ಲಿ ಕುಳಿತಾಗ ಅವರ ತಲೆಯಾಟವೂ ಬೆರಳೂ ಮೊದಲಿನಂತೆಯೇ ಸರಿಯಾಗಿರುತ್ತಿದ್ದವು. ನಮಗೆ ಇದು ಸೋಜಿಗವಾಗಿತ್ತು.

ಯಜಮಾನರ ಮಗಳು ಶೈಲಾ ಆ ವೇಳೆಗೆ ಅಂಗಡಿಯ ವ್ಯವಹಾರವನ್ನು ವಹಿಸಿಕೊಂಡಿದ್ದಳು. ಚುರುಕು ಹುಡುಗಿ. ಚಿಕ್ಕಂದಿನಲ್ಲಿ ಇಲಿಯಾಸರ ಪೆಟ್ಟಿಗೆಗಳ ಒಳಗೆ ಅಡಗಿ ಕುಳಿತು ಆಡುತ್ತಿದ್ದವಳು. ಆಕೆ ಒಂದು ಮಧ್ಯಾಹ್ನ ನನ್ನನ್ನು ಪಕ್ಕಕ್ಕೆ ಕರೆದಳು.

“ಅಂಕಲ್, ಅಪ್ಪನ್ನ ಇನ್ನು ಕಾರಲ್ಲಿ ಕೂರಿಸೋದು ಬೇಡ. ಮೊನ್ನೆ ಒಬ್ರು ಗಿರಾಕಿ ಏನೋ ಕೇಳಿದ್ರು, ಇವರು ಇನ್ನೇನೋ ಉತ್ತರ ಕೊಟ್ರು. ಅವರು ಮುಸಿಮುಸಿ ನಕ್ರು. ನನಗೆ ನೋಡೋಕಾಗ್ಲಿಲ್ಲ.”

“ಆದರೆ ಅವರು ಹೇಳೋದು ತಪ್ಪೋದಿಲ್ವಲ್ಲಮ್ಮ.”

“ಇವತ್ತು ತಪ್ಪಿಲ್ಲ. ಒಂದಿನ ಎಲ್ಲರ ಮುಂದೆ ತಪ್ಪುತ್ತೆ. ಅದಕ್ಕೆ ಮುಂಚೆ ಅವರೇ ಗೌರವದಿಂದ ಬಿಡ್ಲಿ ಅಂತ. ಲ್ಯಾಪ್‌ಟಾಪು, ಮೈಕು ತರಿಸ್ತೀನಿ, ಅದೇ ಅಳೆಯುತ್ತೆ. ನೀವು ಓದಿದೋರು, ನಿಮ್ಮ ಮಾತು ಕೇಳ್ತಾರೆ. ನೀವೇ ಹೇಳಿ.”

ಆಕೆಯ ಕಣ್ಣು ತುಂಬಿತ್ತು. ಆದ್ದರಿಂದ ಆಗುವುದಿಲ್ಲ ಎನ್ನಲು ನನ್ನಿಂದಾಗಲಿಲ್ಲ.

ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಅನೇಕ ಸಲ ತಿದ್ದಿಕೊಂಡು ಯಜಮಾನರ ಬಳಿಗೆ ಹೋದೆ. ಅವರು ತಟ್ಟೆಯಲ್ಲಿ ಮಂಡಕ್ಕಿ ಹಾಕಿಕೊಂಡು ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಶೈಲಾ ಕಳಿಸಿದ್ಲಾ?” ಎಂದರು.

“ಹಾಗೇನಿಲ್ಲ ಸಾರ್...”

“ಜೋರಾಗಿ ಹೇಳು. ಇಲ್ಲಾಂದ್ರೆ ಬ್ಯಾಡ ಬಿಡು, ನಾನೇ ಹೇಳ್ತೀನಿ. ನನಗೆ ಮೇಲಿನ ಸ್ವರ ಹೋಗಿ ಬಹಳ ಕಾಲ ಆಯ್ತಪ್ಪಾ. ಡೊಳ್ಳು ಮೈಗೆ ತಾಗ್ತದೆ, ಅಷ್ಟೇ. ಅದು ಚಂದ ಐತೋ ಇಲ್ಲೋ ಅಂತ ಗೊತ್ತಾಗಂಗಿಲ್ಲ.”

“ಮತ್ತೆ ಅಷ್ಟು ಸರಿಯಾಗಿ ಹೇಗೆ ಹೇಳ್ತೀರಿ ಸಾರ್?”

ಅವರು ಮಂಡಕ್ಕಿ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. “ನಿನ್ನ ಮುಖ ನೋಡಿ. ಮಾಡಿದ ಕೆಲಸದಲ್ಲಿ ಎಲ್ಲೋ ಒಂದು ಕೂದಲಷ್ಟು ಅನುಮಾನ ಇದ್ರೂ ಬಾನೆಟ್ಟಿನ ಮುಂದೆ ನಿಂತಾಗ ನಿನ್ನ ಹುಬ್ಬು ಕೂಡ್ತದೆ. ಸರಿ ಇದ್ರೆ ಹೆಗಲು ಇಳೀತದೆ. ನಿನಗಿಂತ ಒಳ್ಳೆ ಮೀಟರು ಯಾವ ಅಂಗಡೀಲೂ ಸಿಗಂಗಿಲ್ಲ ಕಣಪ್ಪಾ.”

ನಾನು ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ತಿಂದೆ. ಶೈಲಾಳಿಗೆ ಈ ವಿಷಯವನ್ನು ತಿಳಿಸಲಿಲ್ಲ. ಹೇಳಲು ಸೂಕ್ತ ಸಂದರ್ಭ ಒದಗಲಿಲ್ಲವೆಂದಷ್ಟೇ ತಿಳಿಸಿದೆ.

ಆದರೆ ಒಂದು ತೊಂದರೆ ಆರಂಭವಾಯಿತು. ಅಷ್ಟು ವರ್ಷ ನನ್ನ ಹುಬ್ಬು ತನ್ನ ಪಾಡಿಗೆ ತಾನು ಕೂಡುತ್ತಿತ್ತು, ಬಿಡುತ್ತಿತ್ತು. ಯಾರೋ ಅದನ್ನು ಓದುತ್ತಿದ್ದಾರೆಂದು ತಿಳಿದ ಕ್ಷಣದಿಂದ ಅದು ನನ್ನ ಮಾತು ಕೇಳದಾಯಿತು. ಕೆಲಸ ಸರಿಯಿದ್ದಾಗ ಸಮಾಧಾನದ ಮುಖ ಮಾಡಬೇಕೆಂದು ಯತ್ನಿಸಿದರೆ ಮುಖ ಬಿಗಿಯುತ್ತಿತ್ತು. ನಗೋಣವೆಂದರೆ ಯಜಮಾನರನ್ನು ನೋಡಿ ನಕ್ಕಂತಾಗುತ್ತಿತ್ತು. ಇಲಿಯಾಸ್ ಪಕ್ಕದಲ್ಲಿ ನಿಂತು, “ಏನ್ ಸಾರ್, ಆಧಾರ್ ಕಾರ್ಡಿಗೆ ಫೋಟೋ ತೆಗೆಸ್ಕೊಳ್ಳೋಕೆ ನಿಂತಂಗೆ ನಿಂತಿದೀರ!” ಎಂದು ಪಿಸುಗುಟ್ಟಿದರು. ಒಳಗೆ ಯಜಮಾನರು ನನ್ನನ್ನೇ ನೋಡುತ್ತಾ ನೋಡುತ್ತಾ ಬಹಳ ಹೊತ್ತು ಕುಳಿತುಬಿಡುತ್ತಿದ್ದರು. ಗಿರಾಕಿಗಳು ಗಡಿಯಾರ ನೋಡಿಕೊಳ್ಳತೊಡಗಿದರು. ಶೈಲಾ ಇದನ್ನೆಲ್ಲ ಗಮನಿಸುತ್ತಿದ್ದಳು.

ಕೊನೆಗೆ ಆಕೆ ನನಗೆ ಸ್ಪಷ್ಟವಾಗಿ ತಿಳಿಸಿದಳು. “ಶನಿವಾರ ಡಾಕ್ಟರಮ್ಮನ ಕಾರು ಇದೆ. ಅದರಲ್ಲಿ ಅಪ್ಪ ಏನಾದ್ರೂ ಎಡವಿದ್ರೆ ಅದೇ ಕೊನೆ ಅಂಕಲ್. ನೀವು ಹೇಳದಿದ್ರೆ ನಾನೇ ಹೇಳ್ತೀನಿ.”

ಡಾಕ್ಟರಮ್ಮ ಎಂದರೆ ಹೊಸಹಳ್ಳಿ ಮೆಟ್ರೋ ನಿಲ್ದಾಣದ ಹತ್ತಿರ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿದ್ದವರು. ತಮ್ಮ ದೊಡ್ಡ ಕಾರಿಗೆ ನಾಲ್ಕು ವೂಫರ್ ಬೇಕೆಂದು ಅವರು ಕೇಳಿದಾಗ ನಾನು ವಿನಯದಿಂದಲೇ ಕಾರಣ ವಿಚಾರಿಸಿದ್ದೆ.

“ಬೆಳಗ್ಗಿಂದ ಸಂಜೆ ತನಕ ಕಿವೀಲಿ ಕೀಂ ಅಂತ ಡ್ರಿಲ್ಲು ಸಾರ್. ಜೊತೆಗೆ ಪೇಷಂಟ್‌ಗಳ ಕಿರುಚಾಟ. ಮನೆಗೆ ಹೋಗೋವಾಗ ನನಗೆ ಕೀಂ ಅನ್ನೋದು ಒಂದೂ ಬೇಡ. ಗುಂ ಅನ್ನೋದು ಮಾತ್ರ ಬೇಕು.”

ಇಷ್ಟು ನ್ಯಾಯವಾದ ಬೇಡಿಕೆಯನ್ನು ನಾನು ನನ್ನ ವೃತ್ತಿಯಲ್ಲಿ ಬೇರೆ ಕೇಳಿಲ್ಲ.

ನಾಲ್ಕು ಓಮಿನ ನಾಲ್ಕು ವೂಫರ್, ನಾಲ್ಕು ಓಮ್ ಬೇಡುವ ಆಂಪ್ಲಿಫೈಯರ್. ಹೊಸಬರು ಮೊದಲು ಕಲಿಯಬೇಕಾದ ಜೋಡಣೆ ಇದೇ. ಎರಡೆರಡನ್ನು ಸೀರೀಸ್ ಮಾಡಿದರೆ ಎಂಟರ ಎರಡು ಜೋಡಿಗಳಾಗುತ್ತವೆ. ಆ ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ ನಾಲ್ಕೇ. ನಾಲ್ವರು ದುಡಿಯುತ್ತಾರೆ, ಆಂಪ್ಲಿಫೈಯರಿಗೆ ಒಬ್ಬನೇ ಕಂಡಂತಾಗುತ್ತದೆ. ಇಲಿಯಾಸ್ ಪೆಟ್ಟಿಗೆಯೊಳಗೆ ನಾಲ್ಕು ಪ್ರತ್ಯೇಕ ಕೋಣೆಗಳನ್ನು ಮಾಡಿಕೊಟ್ಟರು. ಕೆಂಪು, ಕಪ್ಪು ಗುರುತುಗಳನ್ನು ನೋಡಿಕೊಂಡು ಜೋಡಿಸಿದೆ. ಮೀಟರ್ ಮೂರೂವರೆಗೆ ತುಸು ಮೇಲೆ ತೋರಿಸಿತು. “ಅರ್ಧ ಓಮ್ ಇವತ್ತೂ ತಿಂದ್ಬಿಟ್ರಲ್ಲ ಸಾರ್” ಎಂದರು ಇಲಿಯಾಸ್. ಎಲ್ಲವೂ ಕ್ರಮಬದ್ಧವಾಗಿತ್ತು.

ಶನಿವಾರ ಮಧ್ಯಾಹ್ನ ಡಾಕ್ಟರಮ್ಮ ಬಂದರು. ಯಜಮಾನರು ಚಪ್ಪಲಿ ಕಳಚಿ ಸೀಟಿನಲ್ಲಿ ಕುಳಿತರು. ಗಾಜುಗಳು ಏರಿದವು. ನಾನು ಬಾನೆಟ್ಟಿನ ಮುಂದೆ ನಿಂತೆ. ನನ್ನ ಒಂದು ಪಕ್ಕದಲ್ಲಿ ಡಾಕ್ಟರಮ್ಮ, ಅವರಾಚೆ ಕೈಕಟ್ಟಿಕೊಂಡು ಶೈಲಾ. ಡೊಳ್ಳು ಶುರುವಾಯಿತು. ಕಾರಿನ ತಗಡು ಅದುರಿತು, ನಂಬರ್ ಪ್ಲೇಟು ಗಲಗಲ ಎಂದಿತು.

“ಸೂಪರ್ ಆಗಿದೆ ಸಾರ್!” ಎಂದರು ಡಾಕ್ಟರಮ್ಮ.

ನನಗೆ ಹಾಗೆನಿಸಲಿಲ್ಲ. ಸದ್ದು ಇತ್ತು, ಆದರೆ ನಾಲ್ಕು ವೂಫರ್‌ಗಳ ಸದ್ದಲ್ಲ ಅದು. ಡೊಳ್ಳಿನ ಪೆಟ್ಟು ಎದೆಗೆ ಬಂದು ಬಡಿಯುವ ಬದಲು ದಾರಿಯಲ್ಲೇ ಸುಸ್ತಾಗಿ ನಿಂತಂತಿತ್ತು. ಮೀಟರ್ ಸರಿಯೆನ್ನುತ್ತಿದೆ, ಗಿರಾಕಿ ಸರಿಯೆನ್ನುತ್ತಿದ್ದಾರೆ, ಇದು ನನ್ನ ಆತಂಕವೋ ನಿಜವಾಗಿಯೂ ದೋಷವೋ? ಹುಬ್ಬು ಕೂಡಿದರೆ ಯಜಮಾನರು ಬೆರಳೆತ್ತುತ್ತಾರೆ. ಬಿಚ್ಚಿ ನೋಡಿ ಏನೂ ಸಿಗದಿದ್ದರೆ, ಎಡವಿದವರು ಅವರೆಂದು ಶೈಲಾ ತೀರ್ಮಾನಿಸುತ್ತಾಳೆ. ಹುಬ್ಬು ಬಿಟ್ಟರೆ ಅವರು ತಲೆಯಾಡಿಸುತ್ತಾರೆ, ದೋಷವಿರುವ ಕಾರು ಅವರ ಒಪ್ಪಿಗೆಯಿಂದಲೇ ಹೊರಗೆ ಹೋಗುತ್ತದೆ. ಈ ಎರಡರ ನಡುವೆ ಸಿಕ್ಕಿಬಿದ್ದ ನನ್ನ ಮುಖ ಏನನ್ನೂ ಹೇಳಲಾರದೆ ಗೋಡೆಯಂತಾಗಿ ಹೋಯಿತು.

ಯಜಮಾನರು ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಮುಂದಕ್ಕೆ ಬಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು. ಡೊಳ್ಳು ಮುಗಿದು ಮತ್ತೆ ಮೊದಲಿನಿಂದ ಆರಂಭವಾಯಿತು. ತಲೆಯೂ ಆಡಲಿಲ್ಲ, ಬೆರಳೂ ಏಳಲಿಲ್ಲ. ಶೈಲಾ ಕೈಬಿಚ್ಚಿ ಒಂದು ಹೆಜ್ಜೆ ಮುಂದಿಟ್ಟಳು.

ಅಷ್ಟರಲ್ಲಿ ಕಾರಿನ ಗಾಜು ಇಳಿಯಿತು. ಯಜಮಾನರು ಡೊಳ್ಳನ್ನು ನಿಲ್ಲಿಸಿ ಕತ್ತು ಹೊರಗೆ ಹಾಕಿದರು. ಕಿವಿ ಮಂದವಾದವರ ದೊಡ್ಡ ಧ್ವನಿಯಲ್ಲಿ, ರಸ್ತೆಯಾಚೆಗೂ ಕೇಳುವಂತೆ ಹೇಳಿದರು:

“ನನಗೆ ಕೇಳಿಸಾಕಿಲ್ಲಪ್ಪಾ. ನಿನ್ನ ಮುಖಾನೂ ಇವತ್ತು ಏನೂ ಹೇಳ್ತಿಲ್ಲ. ಬಾಯಿಬಿಟ್ಟು ಹೇಳು, ಸರಿ ಐತಾ ಇಲ್ವಾ?”

ಡಾಕ್ಟರಮ್ಮ ನನ್ನನ್ನು ನೋಡಿದರು. ಎಷ್ಟೋ ವರ್ಷಗಳಿಂದ ಜತನವಾಗಿ ಕಾಪಾಡಿಕೊಂಡಿದ್ದ ಒಂದು ಗುಟ್ಟನ್ನು ಯಜಮಾನರು ಗಿರಾಕಿಯ ಮುಂದೆ, ಮಗಳ ಮುಂದೆ, ಒಂದು ಕಾರು ತಪ್ಪಾಗಿ ಹೋಗಬಾರದೆಂಬ ಕಾರಣಕ್ಕೆ ರಸ್ತೆಗೆ ಬಿಟ್ಟಿದ್ದರು. ಅದರ ಮುಂದೆ ನನ್ನ ಅಳುಕಿಗೆ ಬೆಲೆಯಿರಲಿಲ್ಲ.

“ಸರಿ ಇಲ್ಲ ಸಾರ್” ಎಂದೆ. ನನ್ನ ಧ್ವನಿಯೂ ದೊಡ್ಡದಾಗಿಯೇ ಬಂತು. “ಪೆಟ್ಟಿನಲ್ಲಿ ಬಲ ಇಲ್ಲ. ಏನಂತ ಗೊತ್ತಾಗ್ತಿಲ್ಲ.”

“ಹಂಗಾದ್ರೆ ಬಿಚ್ಚು” ಎಂದು ಅವರು ಕಾರಿನಿಂದಿಳಿದರು.

ಇಲಿಯಾಸ್ ಏನೂ ಕೇಳದೆ ಮೂಲೆಯಿಂದ ಹಳೆಯ ಬ್ಯಾಟರಿಯನ್ನು ತಂದುಕೊಟ್ಟರು. ಒಂದೊಂದೇ ವೂಫರಿನ ತಂತಿ ಬಿಡಿಸಿ ಮುಟ್ಟಿಸಿದೆ. ಮೊದಲನೆಯದು ಹೊರಕ್ಕೆ ಜಿಗಿಯಿತು. ಎರಡನೆಯದೂ ಹೊರಕ್ಕೆ. ಮೂರನೆಯದು ಒಳಕ್ಕೆ ಹೋಯಿತು. ಕೆಂಪು ಗುರುತಿಗೇ ಬ್ಯಾಟರಿಯ ಕೆಂಪು ತಂತಿ ತಾಗಿತ್ತು, ಆದರೂ ಒಳಕ್ಕೆ ಹೋಯಿತು. ತಯಾರಿಸಿದವರೇ ಆ ಒಂದಕ್ಕೆ ಗುರುತನ್ನು ಅದಲುಬದಲಾಗಿ ಅಂಟಿಸಿದ್ದರು. ನಾಲ್ಕನೆಯದು ಸರಿಯಾಗಿತ್ತು. ಮೂವರು ತಳ್ಳುತ್ತಿರುವಾಗ ಒಬ್ಬ ಎಳೆಯುತ್ತಿದ್ದರೆ ಉಳಿಯುವುದು ಇಬ್ಬರ ಬಲ. ಹೊಸಬರು ಇದನ್ನು ಅಡಿಗೆರೆ ಹಾಕಿ ನೆನಪಿಟ್ಟುಕೊಳ್ಳಬೇಕು. ತಂತಿ ತಿರುವುಮುರುವಾದರೂ ಓಮ್ ಬದಲಾಗುವುದಿಲ್ಲ. ಮೀಟರಿಗೆ ಈ ತಪ್ಪು ಎಂದೆಂದಿಗೂ ಕಾಣುವುದಿಲ್ಲ. ಲ್ಯಾಪ್‌ಟಾಪಿನ ಮೈಕಾದರೂ ಸದ್ದು ಕಡಿಮೆಯಿದೆ ಎನ್ನುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ.

ಆ ಒಂದರ ತಂತಿಗಳನ್ನು ಬದಲಿಸಿ ಎಲ್ಲವನ್ನೂ ಮತ್ತೆ ಜೋಡಿಸಿದೆ. ಅಷ್ಟು ಹೊತ್ತೂ ಯಜಮಾನರು ಗೋಡೆಗೊರಗಿ ನಿಂತಿದ್ದರು. ಮುಗಿದಾಗ ಅವರು ಕಾರಿನ ಬಾಗಿಲನ್ನು ನನಗಾಗಿ ತೆರೆದು ಹಿಡಿದರು.

“ಇನ್ನು ನೀನೇ ಕೂತ್ಕೋ ಬಿ.ಎಸ್ಸಿ. ಗುಟ್ಟು ರಟ್ಟಾಯ್ತಲ್ಲ.”

ನಾನು ಕದಲಲಿಲ್ಲ. ಕದಲಿದವಳು ಶೈಲಾ. ಆಕೆ ಬಂದು ತಂದೆಯ ಕೈಯಿಂದ ಬಾಗಿಲನ್ನು ಬಿಡಿಸಿ ತಾನು ಹಿಡಿದುಕೊಂಡಳು.

“ಅಪ್ಪಾ, ನೀವೇ ಕೂತ್ಕೊಳ್ಳಿ.”

“ಏನಂದೆ?”

“ನೀವೇ ಕೂತ್ಕೊಳ್ಳಿ ಅಂದೆ!” ಎಂದು ಆಕೆ ಅವರ ಕಿವಿಯ ಬಳಿ ಕೂಗಿದಳು. “ಅಂಕಲ್ ಮುಖ ಕೆಟ್ಟೋಗಿದೆ. ನಾನು ನಿಲ್ತೀನಿ.”

ಇಲಿಯಾಸ್ ನಕ್ಕುಬಿಟ್ಟರು. ಡಾಕ್ಟರಮ್ಮನೂ ನಕ್ಕರು. ಯಜಮಾನರು ಮಗಳನ್ನು ಒಂದು ಕ್ಷಣ ನೋಡಿ ಮತ್ತೆ ಚಪ್ಪಲಿ ಕಳಚಿದರು. ಶೈಲಾ ನಡೆದು ಬಂದು ಬಾನೆಟ್ಟಿನ ಎದುರು, ಸರಿಯಾಗಿ ಮಧ್ಯದಲ್ಲಿ ನಿಂತಳು. ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟೆ.

ಡೊಳ್ಳು ಮೊದಲಾಯಿತು. ಈ ಬಾರಿ ಪೆಟ್ಟು ನೆಲದೊಳಗಿಂದ ಎದ್ದು ಪಾದಗಳ ಮೂಲಕ ಬಂತು. ಬೆಂಚಿನ ಮೇಲಿದ್ದ ಸ್ಕ್ರೂಗಳ ಡಬ್ಬಿ ತಾನಾಗಿಯೇ ನಾಲ್ಕು ಬೆರಳು ಸರಿಯಿತು. ಡಾಕ್ಟರಮ್ಮ ಅಂಗೈಯನ್ನು ಎದೆಗೊತ್ತಿಕೊಂಡು ಕಣ್ಣುಮುಚ್ಚಿದರು.

ಯಜಮಾನರು ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಗಾಜಿನ ಆಚೆಯಿಂದ ಮಗಳನ್ನೇ ನೋಡುತ್ತಿದ್ದರು. ಶೈಲಾಳ ತುಟಿ ಬಿಗಿದಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಂಡರೆ ಮುಖ ಮರೆಯಾದೀತೆಂದು ಆಕೆ ಕೈಯೆತ್ತಲಿಲ್ಲ. ಹಾಗೆಯೇ ನಿಂತಿದ್ದು, ಸ್ವಲ್ಪ ಸ್ವಲ್ಪವಾಗಿ ನಕ್ಕಳು.

ಒಳಗೆ ಆ ಬಿಳಿಯ ತಲೆ ನಿಧಾನವಾಗಿ ಆಡಿತು.